ಫೋನ್ ಮಡಚೂದಿರ್ಲಿ, ನಂಬರ್ ನಿಮ್ದಿರ್ಲಿ

ನಮ್ಮ ಬಳಗದಾಗ ಈಗ ಒಂದು ಹೊಸಾ ಮಡಿ-ಮೈಲಿಗಿ ಶುರು ಆಗ್ಯದ ನೋಡ್ರಿ. ಕೈಯಾಗ ದೊಡ್ಡ ಟಚ್ ಫೋನ್ ಇದ್ದಾಕಿ ಮಡಿ, ಮಡಚೂ ಫೋನ್ ಇದ್ದಾಕಿ ಮೈಲಿಗಿ. ಮುಂಜಿವಿಗೆ ಹೋಗ್ರಿ, ಸತ್ಯನಾರಾಯಣ ಪೂಜಾಕ್ಕ ಹೋಗ್ರಿ, ಚೀಲದಾಗಿಂದ ನನ್ನ ಫೋನ್ ತಗದು ಟಪ್ ಅಂತ ತೆರದ್ರ ಸಾಕು, ನಾಕ ಮಂದಿ ಹೊಳ್ಳಿ ನೋಡ್ತಾರ. "ಏನ್ರಿ ವೈನಿ, ಇನ್ನೂ ಡಬ್ಬಾ ಫೋನು?" ಅಂತಾರ. ಕೇಳಿದಾಕಿ ಫೋನು ಅಲ್ಲೇ ಗ್ವಾಡಿಗೆ ಚಾರ್ಜಿಗೆ ಹಚ್ಚಿರ್ತದ, ಯಾಕಂದ್ರ ಮುಂಜಾನಿ ತುಂಬಿಸಿದ್ದು ಊಟದ ಹೊತ್ತಿಗೇ ಖಾಲಿ.

ಇವತ್ತು ನಾ ಎರಡು ಥರದ ಮಂದಿ ಜೋಡಿ ಜಗಳಾ ಮಾಡಾಕಿ. ಒಂದು, ಮಡಚೂ ಫೋನ್ ನೋಡಿ ನಗೋ ಮಂದಿ. ಎರಡು, ಅದೇ ಫೋನನ್ನ ಹೆಣ್ಣಮಕ್ಕಳ ಕೈಯಾಗಿಟ್ಟು "ನಿಂಗಿಷ್ಟ ಸಾಕು" ಅನ್ನೋ ಮಂದಿ. ಮೊದಲನೇದವ್ರಿಗೆ ನಾ ಹೇಳೂದು: ಈ ಫೋನು ಕಳಪೆ ಅಲ್ಲ. ಎರಡನೇದವ್ರಿಗೆ ಹೇಳೂದು: ಸಾಕೋ ಸಾಲ್ದೋ ಅಂತ ಹೇಳಬೇಕಾದಾಕಿ ಅದನ್ನ ಹಿಡಕೊಳ್ಳಾಕಿ, ನೀವಲ್ಲ.

ಮೊದಲ ನಗೋ ಮಂದಿ ಕಡೆ ಬರೋಣ. 2004ರಾಗ ಮೋಟೊರೋಲಾ ಕಂಪನಿ ರೇಝರ್ ಅಂತ ಒಂದು ತೆಳ್ಳನ ಮಡಚೂ ಫೋನ್ ತಂದಿತ್ತು. ಆವಾಗ ಅದು ಕೈಯಾಗ ಇದ್ರ ದೊಡ್ಡ ಸಾಹೇಬ್ರು ಅಂತ ಲೆಕ್ಕ. ಈಗ ಸ್ಯಾಮ್ಸಂಗಿನವ್ರು ಟಚ್ ಫೋನನ್ನೇ ನಡುವ ಮಡಚಿ ಲಕ್ಷ ರೂಪಾಯಿ ಆಸುಪಾಸು ಮಾರ್ತಾರ. ಅದನ್ನ ಮಡಚಿದ್ರ ಯಾರೂ ನಗೂದಿಲ್ಲ, "ಅಯ್ಯ, ಎಷ್ಟ ಛಂದ" ಅಂತಾರ. ಅಂದ್ರ ನಗೂದು ಮಡಚೂದಕ್ಕಲ್ಲ, ರೇಟಿಗೆ. ಹಿಂಗಿದ್ದ ಮ್ಯಾಲೆ ನಗೋರು ಬಾಯಿ ಬಿಟ್ಟು ಹೇಳಿಬಿಡ್ರಿ, "ನಿಮ್ಮ ಫೋನ್ ಸೋವಿ ಅದ, ಅದಕ್ಕ ನಗ್ತೀವಿ" ಅಂತ. ಜಗಳಾ ಸ್ವಚ್ಛ ಆಗ್ತದ.

ಈಗ ಸಿಗೋ ಮಡಚೂ ಫೋನ್ ಹಳೇ ಕಾಲದ್ದಲ್ಲ. ನೋಕಿಯಾದವ್ರು 2022ರಾಗ ನಮ್ಮ ದೇಶದಾಗ ಬಿಟ್ಟ 2660 ಫ್ಲಿಪ್ಪನ್ನೇ ತಗೋರಿ. ಬಿಟ್ಟಾಗ ಅದರ ರೇಟು ಐದ ಸಾವಿರದ ಒಳಗಿತ್ತು. ಅದರಾಗ 4ಜಿ ಸಿಮ್ ನಡೀತದ. ಹೊರಗ ಒಂದು ಸಣ್ಣ ಕಿಡಕಿ ಇರ್ತದ, ಅದರಾಗ ಟೈಮು, ಫೋನ್ ಮಾಡಿದವ್ರ ಹೆಸರು ಕಾಣಸ್ತದ. ಒಳಗ ದೊಡ್ಡ ದೊಡ್ಡ ಗುಂಡಿ. ಬಾಜೂಕ ಒಂದು ತುರ್ತು ಬಟನ್, ಅದನ್ನ ಒತ್ತಿ ಹಿಡದ್ರ ನಾವು ಮೊದಲ ತುಂಬಿಸಿಟ್ಟ ಐದು ಮಂದಿಗೆ ಫೋನ್ ಹಚ್ಚತದ. ಕಿವಿ ಮಂದ ಆಗಿ ಮಶಿನ್ ಹಾಕ್ಕೊಂಡವ್ರಿಗೂ ಕೇಳಸೂ ಹಂಗ ಮಾಡ್ಯಾರ. ಎಪ್ಪತ್ತು ದಾಟಿದ ಅತ್ತಿ, ಅವ್ವ ಇದ್ದ ಮನಿಗೆ ಇದು ಸಣ್ಣ ಮಾತಲ್ಲ.

ಇನ್ನ ಅಡಗಿ ಮನಿ ಮಾತು. ಜೋಳದ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಟಚ್ ಫೋನ್ ಬಾರಿಸ್ಲಿ, ನೋಡ್ರಿ ಮಜಾ. ಕೈ ತುಂಬ ಹಿಟ್ಟು, ಬಟ್ಟು ಹಸೀ. ಗ್ಲಾಸ್ ಮ್ಯಾಲೆ ಎಷ್ಟ ತಿಕ್ಕಿದ್ರೂ ಅದಕ್ಕ ನಮ್ಮ ಬಟ್ಟಿನ ಗುರುತು ಹತ್ತೂದಿಲ್ಲ. ಮಣಕಟ್ಟಲೆ ತಿಕ್ಕಿ, ಮೊಳಕೈಲೆ ತಿಕ್ಕಿ, ಕಡೀಕ ಮೂಗಿನ ತುದೀಲೆ ತಿಕ್ಕೋ ಪ್ರಸಂಗ. ಅಷ್ಟರಾಗ ಹಂಚಿನ ಮ್ಯಾಲಿನ ರೊಟ್ಟಿ ಕರಕ. ಮಡಚೂ ಫೋನು ಹಂಗಲ್ಲ. ಒಂದು ಬಟ್ಟಿನ ತುದೀಲೆ ಮುಚ್ಚಳ ಎತ್ತಿದ್ರ ಆತು, ಮಾತು ಶುರು. ಟಪ್ ಅಂತ ಮುಚ್ಚಿದ್ರ ಆತು, ಮಾತು ಮುಗೀತು. ನಿಜವಾಗ್ಲೂ ಮುಗೀತು. "ಇಟ್ಟಾಳೋ ಇಲ್ಲೋ" ಅನ್ನೋ ಸಂಶಯ ಇಲ್ಲ. ಟಚ್ ಫೋನ್ ಸರಿಯಾಗಿ ಬಂದ್ ಆಗದ, ನಾವು ಮನ್ಯಾಗ ಆಡಿದ ಮಾತು ಆ ಕಡೆ ಬೀಗರು ಕೇಳಿ ಎಷ್ಟ ಮನಿ ಕೆಟ್ಟಾವೋ!

ಬ್ಯಾಟರಿ ಹೇಳೂದ ಬ್ಯಾಡ. ಮಳಿಗಾಲದಾಗ ಕರೆಂಟ್ ಹೋದ್ರ ಮರುದಿನ ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ನನ್ನ ಫೋನು ಅದರ ಚಿಂತಿ ಮಾಡೂದಿಲ್ಲ. ಹಗುರ್ಕ ಮಾತಾಡಿದ್ರ ಮೂರು ನಾಕು ದಿನ ಆರಾಮ ಬರ್ತದ. ಕೆಳಗ ಬಿದ್ರ ಗ್ಲಾಸ್ ಒಡೀತು ಅಂತ ಎರಡು ಸಾವಿರ ತೆರೂದಿಲ್ಲ. ಮೊಮ್ಮಗಾ ಅಳಲಿಕ್ಕೆ ಹತ್ತಿದ ಅಂತ ಅವನ ಕೈಯಾಗ ಕೊಟ್ರ ಎರಡು ಸಲ ತಗದು ಮುಚ್ಚಿ ಒಗದು ಹೋಗ್ತಾನ, ಎರಡು ತಾಸು ವಿಡಿಯೋ ನೋಡಕೋತ ಕೂಡೂದಿಲ್ಲ. ಬಾಯಾಗ ತುತ್ತು ಇಟ್ಕೊಂಡು ನುಂಗಲಿಕ್ಕೆ ಮರತು ಗೊಂಬಿ ನೋಡೋ ಹುಡುಗರನ್ನ ನೀವೂ ನೋಡೀರಿ, ನಾನೂ ನೋಡೀನಿ.

ಮೋಸದ ಮಾತೂ ಹೇಳಬೇಕು. "ಡಿಜಿಟಲ್ ಅರೆಸ್ಟ್" ಅಂತ ಪೊಲೀಸರ ವೇಷ ಹಾಕ್ಕೊಂಡು ವಿಡಿಯೋ ಕಾಲಿನ್ಯಾಗ ಬಂದು, ತಾಸುಗಟ್ಟಲೆ ಕ್ಯಾಮೆರಾ ಮುಂದ ಕೂಡ್ರಿಸಿ, ಮುದುಕ್ರ ಜೀವಮಾನದ ಗಂಟು ಬಡಕೊಂಡು ಹೋಗೋ ದಂಧೆ ಎಷ್ಟ ಬೆಳೀತಂದ್ರ, 2024ರ ಅಕ್ಟೋಬರಿನ್ಯಾಗ ಪ್ರಧಾನಿಗಳು ಮನ್ ಕೀ ಬಾತ್‌ನ್ಯಾಗ ಅದರ ಬಗ್ಗೆ ಎಚ್ಚರಿಕೆ ಹೇಳಬೇಕಾತು. ಮಡಚೂ ಫೋನಿನ್ಯಾಗ ಆ ನಾಟಕಕ್ಕ ಸ್ಟೇಜೇ ಇಲ್ಲ. ಲಗ್ನಪತ್ರಿಕಿ ಅಂತ ಕಳಿಸಿ, ಒತ್ತಿದ ಕೂಡಲೇ ಕಳ್ಳ ಆ್ಯಪ್ ಒಳಗ ಹೊಕ್ಕೋ ಆಟಾನೂ ನಡಿಯೂದಿಲ್ಲ. ಆದ್ರ ಇದರಿಂದ ಮೋಸಾನೇ ಆಗೂದಿಲ್ಲ ಅಂತ ತಿಳ್ಕೋಬ್ಯಾಡ್ರಿ. "ಬ್ಯಾಂಕಿನಿಂದ ಮಾತಾಡ್ತೀನ್ರಿ, ಈಗ ಬಂದ ನಂಬರ್ ಹೇಳ್ರಿ" ಅನ್ನಾವ್ಗ ಯಾವ ಫೋನಾದ್ರೇನು, ಬಾಯಿ ಒಂದಿದ್ರ ಸಾಕು. ಓಟಿಪಿ ಬಾಯಿ ಬಿಟ್ಟು ಹೇಳಿದ್ರಿ ಅಂದ್ರ ಡಬ್ಬಾ ಫೋನಿನಿಂದನೂ ರೊಕ್ಕ ಹೋಗ್ತದ. ಹೋತು ಅಂದ್ರ ಅಳಕೋತ ಕೂಡಬ್ಯಾಡ್ರಿ, ತಕ್ಷಣ 1930ಕ್ಕ ಫೋನ್ ಮಾಡ್ರಿ. ಅದಕ್ಕೂ ಇದೇ ಫೋನ್ ಸಾಕು.

ಇಷ್ಟೆಲ್ಲಾ ಹೊಗಳಿದೆ ಅಂತ ಇದರ ಕೊರತಿ ಮುಚ್ಚಿಡಾಕಿ ಅಲ್ಲ ನಾನು. ಮಾರೋ ಅಂಗಡಿಯವ ಹೇಳೂದಿಲ್ಲ, ನಾ ಹೇಳ್ತೀನಿ.

ಒಂದನೇದ್ದು, ಬರಿಯೂದು ಸಂಕಟ. "ಸಾರಿಗೆ ಹುಳಿ ತಗೊಂಬಾ" ಅಂತ ಒಂದು ಸಾಲು ಒತ್ತಿ ಮುಗಸೂದ್ರಾಗ ಸಾರೇ ಕುದ್ದು ಇಳಸೂ ಹೊತ್ತು ಆಗಿರ್ತದ. ಎರಡನೇದ್ದು, ಮೆಸೇಜಿನ ಡಬ್ಬಿ ಸಣ್ಣದು. ಕಂಪನಿಯವ್ರು ಕಳಿಸೋ ಹಾಳು-ಮೂಳು ಜಾಹೀರಾತು ತುಂಬಿ ತುಂಬಿ ಜಾಗಾ ಮುಗೀತು ಅಂದ್ರ ಹೊಸಾ ಮೆಸೇಜು ಒಳಗ ಬರೂದೇ ಇಲ್ಲ. ಗ್ಯಾಸ್ ಸಿಲಿಂಡರ್ ತಂದಾಂವ ಬಾಗಲದಾಗ ನಿಂತು "ಕೋಡ್ ಹೇಳ್ರಿ ಬಾಯಾರ" ಅಂತಾನ, ನಮ್ಮ ಫೋನು ಸುಮ್ಮನ ಕೂತಿರ್ತದ. ವಾರಕ್ಕೊಮ್ಮೆ ಹಳೇ ಮೆಸೇಜ್ ಅಳಿಸಬೇಕು, ಫ್ರಿಜ್ ಸ್ವಚ್ಛ ಮಾಡಿದ ಹಂಗ. ಮೂರನೇದ್ದು, ನಡುವಿನ ಕೀಲು. ಅದರೊಳಗ ಮ್ಯಾಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಜೋಡಿಸೋ ತೆಳ್ಳನ ಪಟ್ಟಿಯಂಥಾ ವಾಯರ್ ಇರ್ತದ. ತಗದು ಮುಚ್ಚಿ, ತಗದು ಮುಚ್ಚಿ ಅದು ಸವದ್ರ ಪರದೆ ಕರ್ರಗ. ಹಾಂ ಮತ್ತ, ಸಿಟ್ಟು ಬಂದಾಗ ಟಪ್ ಅಂತ ಜೋರಾಗಿ ಮುಚ್ಚೋ ಸುಖಾ ಅದಲ್ಲ, ಆ ಸುಖಕ್ಕ ಇದ ದಂಡ. ನಾಕನೇದ್ದು, ಮೊಮ್ಮಕ್ಕಳ ಮುಖ. ಪರದೇಶದಾಗಿನ ಮಗಳು ಕೂಸಿನ ಮೊದಲನೇ ಹೆಜ್ಜಿ ತೋರಸ್ತೀನಿ ಅಂದ್ರ ಈ ಫೋನು ಏನೂ ಮಾಡಲಾರದು. ಇದಕ್ಕ ನನ್ನ ಕಡೆ ಉತ್ತರ ಇಲ್ಲ. ಐದನೇದ್ದು, ರೊಕ್ಕ. ತರಕಾರಿ ಗಾಡಿ ಮ್ಯಾಲೂ ಕ್ಯೂಆರ್ ಚೀಟಿ ಹಚ್ಯಾರ, ಅದನ್ನ ಸ್ಕ್ಯಾನ್ ಮಾಡೂದು ಇದಕ್ಕ ಆಗೂದಿಲ್ಲ. ಆರನೇದ್ದು, ಸಾಲಿ. ಮಕ್ಕಳ ಹೋಮ್‌ವರ್ಕು, ಸೂಟಿ ಸುದ್ದಿ, ಎಲ್ಲಾ ವಾಟ್ಸ್ಯಾಪ್ ಗ್ರೂಪಿನ್ಯಾಗ. ಸಣ್ಣ ಮಕ್ಕಳ ತಾಯಿ ಇದೊಂದೇ ಫೋನ್ ಇಟ್ಕೊಂಡು ದಿನಾ ತಗಿಯೂದು ಕಷ್ಟದ.

ನೋಡ್ರಿ, ಆರು ಕೊರತಿ ಹೇಳಿದೆ. ಈಗ ಸ್ವಲ್ಪ ತಡದು ವಿಚಾರ ಮಾಡ್ರಿ. ಇದರಾಗ ಫೋನಿನ ತಪ್ಪು ಎಷ್ಟ, ನಮ್ಮ ಮಂದಿ ತಪ್ಪು ಎಷ್ಟ?

ಕೀಲು ಸವಿಯೂದು ಫೋನಿನ ತಪ್ಪು. ಡಬ್ಬಿ ಸಣ್ಣದಿರೂದು ಫೋನಿನ ತಪ್ಪು. ಆದ್ರ ಬಳಗದಾಗ ಒಬ್ಬರು ಹೋಗಿಬಿಟ್ರು ಅನ್ನೋ ಸುದ್ದೀನ ಗ್ರೂಪಿನ್ಯಾಗ ಒಗದು, ಮೂರನೇ ದಿನಕ್ಕ "ಯಾಕ ಬರ್ಲಿಲ್ಲ" ಅಂತ ಕೇಳೂದು ಯಾರ ತಪ್ಪು? ಹಿಂದ ಲಗ್ನ ಇದ್ರ ಮನಿಗೆ ಬಂದು, ಕುಂಕುಮ ಹಚ್ಚಿ, ಅಕ್ಷತಿ ಕೊಟ್ಟು ಕರೀತಿದ್ರು. ಆಮ್ಯಾಲೆ ಪತ್ರಿಕಿ ಅಂಚಿಗೆ ಹಾಕಿದ್ರು. ಆಮ್ಯಾಲೆ ಫೋನ್ ಮಾಡಿದ್ರು. ಈಗ ಇನ್ನೂರು ಮಂದಿಗೆ ಒಂದ ಸಲ ಚಿತ್ರ ಕಳಿಸಿ ಕೈ ತೊಳಕೋತಾರ. ಅದು ಸಿಗದವ್ರು ಬಳಗದಾಗ ಇಲ್ಲೇ ಇಲ್ಲ ಅನ್ನೋ ಲೆಕ್ಕ. ಒಂದು ಗುಂಡಿ ಒತ್ತಿ "ಕಾಕು, ನಾಳೆ ಬರ್ರಿ" ಅನ್ನಲಿಕ್ಕೆ ಅರ್ಧ ನಿಮಿಷ ಸಾಕು. ನನ್ನ ಫೋನು ಬಾರಸ್ತದ. ಬಾರಿಸೋ ಕೆಲಸ ಅದಕ್ಕ ಛಲೋ ಬರ್ತದ.

ಆಫೀಸಿನವ್ರೂ ಹಂಗ. ನಾ ಹೋಗೋ ಒಂದು ಬ್ಯಾಂಕಿನ್ಯಾಗ ಪಾಸಬುಕ್ ತುಂಬಿಸಿಕೊಡ್ರಿ ಅಂದ್ರ, "ಆ್ಯಪ್ ಹಾಕ್ಕೋರಿ ಬಾಯಾರ, ಎಲ್ಲಾ ಅದರಾಗ ಬರ್ತದ" ಅಂತಾರ. ಆ್ಯಪ್ ಹಾಕ್ಕೊಳ್ಳೋ ಫೋನ್ ಇಲ್ಲ ಅಂದ್ರ "ಮಗನ ಫೋನಿನ್ಯಾಗ ಹಾಕಿಸ್ರಿ" ಅಂತಾರ. ಈ ಒಂದು ಮಾತು ಕೇಳಿದ್ರ ನನ್ನ ರಕ್ತ ಕುದೀತದ. ನನ್ನ ಖಾತೆ, ನನ್ನ ರೊಕ್ಕ, ಮಗನ ಫೋನಿನ್ಯಾಗ ಯಾಕ?

ಇಲ್ಲಿಗೆ ನನ್ನ ಖರೇ ಜಗಳಕ್ಕ ಬಂದೆ.

ಕೇಂದ್ರ ಸರಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಒಂದು ಅದ. 2019ರಿಂದ 21ರ ತನಕ ನಡದ ಐದನೇ ಸಮೀಕ್ಷೆಯೊಳಗ ಹೆಣ್ಣಮಕ್ಕಳನ್ನ ಕೇಳಿದ್ರು: ನೀವೇ ಬಳಸೋ ಫೋನು ನಿಮ್ಮ ಹತ್ರ ಅದ ಏನು ಅಂತ. ದೇಶದಾಗ ಹೌದು ಅಂದಾಕಿಯರು ನೂರಕ್ಕ ಸುಮಾರು 54. ಅದಕ್ಕಿಂತ ಹಿಂದಿನ 2015-16ರ ಸಮೀಕ್ಷೆಯೊಳಗ ಸುಮಾರು 46 ಇತ್ತು. ಏರೇದ, ಇಲ್ಲ ಅನ್ನೂದಿಲ್ಲ. ಆದ್ರೂ ಅರ್ಧಕ್ಕ ಹತ್ರ ಮಂದಿ ಕಡೆ ತಮ್ಮದು ಅನ್ನೋ ಫೋನೇ ಇಲ್ಲ. ಸ್ಮಾರ್ಟೋ ಡಬ್ಬಾನೋ ಅನ್ನೋ ಜಗಳಾ ಆಮ್ಯಾಲಿನದು. ಫೋನೇ ಇಲ್ಲದಾಕಿ ಕಡೆ ನಂಬರ್ ಎಲ್ಲಿಂದ ಬರಬೇಕು?

ನಂಬರ್ ಇಲ್ಲದ ಇದ್ರ ಏನಾಗ್ತದ ಅಂತ ನಮ್ಮ ಓಣ್ಯಾಗ ನೋಡ್ರಿ. ಅವ್ವನ ಆಧಾರಿಗೆ ಮಗನ ನಂಬರ್. ಅವ್ವನ ಬ್ಯಾಂಕ್ ಖಾತೆಗೆ ಮಗನ ನಂಬರ್. ಗ್ಯಾಸ್ ಬುಕ್ಕಿಗೆ ನಮ್ಮನಿಯವ್ರ ನಂಬರ್. 2023ರಿಂದ ಗೃಹಲಕ್ಷ್ಮಿ ರೊಕ್ಕ ಅಂತ ಮನಿ ಯಜಮಾನಿ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕೋ ಯೋಜನಾ ಬಂತು. ಯಜಮಾನಿ ಹೆಸರು ಆಕೀದು, ರೊಕ್ಕ ಬಂತು ಅನ್ನೋ ಮೆಸೇಜು ಮಗನ ಫೋನಿಗೆ. ಅಂವ ಹೇಳಿದ್ರ ಬಂದದ, ಹೇಳದಿದ್ರ ಬಂದಿಲ್ಲ. ಆಕೀ ಖಾತೆಯಿಂದ ರೊಕ್ಕ ತಗಿಯೂ ಓಟಿಪಿ ಅವನ ಕೈಯಾಗ, ಕಾರ್ಡಿನ ಪಿನ್ನೂ ಅವನ ಕೈಯಾಗ. ಮಗಾ ಒಳ್ಳೇವ ಇರಬಹುದು, ಎಲ್ಲಾರ ಮಗಂದಿರೂ ಒಳ್ಳೇವ್ರೇ. ಆದ್ರ ಸೀರಿಗೆ ರೊಕ್ಕ ಬೇಕಂದ್ರ ಮಗನ ಮುಖ ನೋಡೂದು, ಔಷಧಕ್ಕ ಬೇಕಂದ್ರ ಮಗನ ಮುಖ ನೋಡೂದು. ಇದಕ್ಕ ಖಾತೆ ಯಾಕ ಬೇಕಿತ್ತು? ಹಿಂದ ಸಾಸಿವಿ ಡಬ್ಬಿಯೊಳಗ ಬಚ್ಚಿಟ್ಟ ರೊಕ್ಕನಾದ್ರೂ ನಮ್ಮದೇ ಇತ್ತು. ಆ ಡಬ್ಬಿಗೆ ಓಟಿಪಿ ಇದ್ದಿಲ್ಲ.

"ಅವ್ವಗ ತಿಳಿಯೂದಿಲ್ಲ, ಯಾರಿಗರೆ ಹೇಳಿ ಮೋಸ ಹೋಗ್ತಾಳ" ಅಂತಾರ. ತಿಳಿಯೂದಿಲ್ಲ ಅಂದ್ರ ತಿಳಿಸ್ರಿ. ನೂರಾ ಎಂಟು ನಾಮ ಬಾಯಿಪಾಠ ಹೇಳಾಕಿಗೆ, ನಾಲ್ವತ್ತು ವರ್ಷದ ಹಿಂದ ಯಾರ ಲಗ್ನದಾಗ ಯಾರು ಎಷ್ಟ ಆಹೇರಿ ಮಾಡಿದ್ರು ಅಂತ ರೂಪಾಯಿ ಸಹಿತ ಹೇಳಾಕಿಗೆ, ನಾಕು ಅಂಕಿ ಪಿನ್ ನೆನಪಿರೂದಿಲ್ಲೇನು? ಇನ್ನ ಮೋಸ ಹೋಗೂದು ಅಂತೀರಿ, ದೊಡ್ಡ ದೊಡ್ಡ ಕಲತ ಗಂಡಸರು ಲಕ್ಷಗಟ್ಟಲೆ ಕಳಕೊಂಡಿದ್ದು ಪೇಪರಿನ್ಯಾಗ ದಿನಾ ಓದ್ತೀವಿ. ಅವ್ರ ಕೈಯಾಗಿನ ಫೋನ್ ಯಾರೂ ಕಸಕೊಂಡಿಲ್ಲ.

ಇದರ ಇನ್ನೊಂದು ಮುಖಾನೂ ಅದ. ಕೆಲವು ಮನ್ಯಾಗ ಕಾಲೇಜಿಗೆ ಹೋಗೋ ಹುಡುಗಿಗೆ, ಹೊಸಾ ಸೊಸಿಗೆ ಬೇಕಂತ ಡಬ್ಬಾ ಫೋನ್ ಕೊಡ್ತಾರ. "ನಿನ್ನ ಒಳ್ಳೇದಕ್ಕ" ಅಂತಾರ. ಅದೇ ಮನಿ ಹುಡುಗನ ಕೈಯಾಗ ಮೂವತ್ತು ಸಾವಿರದ ಫೋನು. ಒಳ್ಳೇದು ಅನ್ನೂದು ಹುಡುಗಿಗೆ ಅಷ್ಟ ಬೇಕೇನು, ಹುಡುಗಗ ಬ್ಯಾಡೇನು? ನನಗ ಈ ಫೋನ್ ಸೇರ್ತದ ಯಾಕಂದ್ರ ನಾ ಆರಿಸಿಕೊಂಡದ್ದು. ಆಕಿಗೆ ಅದೇ ಫೋನು ಕಾಲಿಗೆ ಕಟ್ಟಿದ ಗುಂಡು. ವಸ್ತು ಒಂದ, ಆದ್ರ ಎರಡೂ ಒಂದ ಅಲ್ಲ. ಹಂಗ, ಮೂರು ಹೊತ್ತೂ ಮಡಚೂ ಫೋನಿನ್ಯಾಗ ಸುಖವಾಗಿದ್ದ ಮುದುಕಿಗೆ ದೀಪಾವಳಿಗೆ ಅಂತ ಟಚ್ ಫೋನ್ ತಂದು ಹೇರಿ, "ಕಲಕೋ, ಕಲಕೋ" ಅಂತ ಎಲ್ಲಾರ ಮುಂದ ನಗಾಡೂದೂ ಪ್ರೀತಿ ಅಲ್ಲ. ಬೇಕೇನು ಅಂತ ಕೇಳಿದ್ರ ಬಾಯಿ ಸವೀತದೇನು?

ಹಂಗಾರ ಏನ್ ಮಾಡಬೇಕು ಅಂತೀರಿ? ಬರೇ ಬೈದು ಎದ್ದು ಹೋಗಾಕಿ ಅಲ್ಲ ನಾನು.

ಮೊದಲ, ನಿಮ್ಮ ಹೆಸರಿಲೆ ಒಂದು ಸಿಮ್ ತಗೋರಿ. ನಿಮ್ಮ ಆಧಾರ್ ತೋರಿಸಿ, ನೀವೇ ಅಂಗಡಿಗೆ ಹೋಗಿ. ಎರಡನೇದ್ದು, ಆಧಾರ್ ಕೇಂದ್ರಕ್ಕ ಹೋಗಿ ನಿಮ್ಮ ಬೆರಳಚ್ಚು ಕೊಟ್ಟು ಆ ನಂಬರ್ ಹಾಕಿಸ್ರಿ. ಹಳೇ ನಂಬರಿಗೆ ಓಟಿಪಿ ಬರೂದು ಬೇಕಾಗಿಲ್ಲ, ಅಂದ್ರ ಮಗನ ಅಪ್ಪಣೆಯೂ ಬೇಕಾಗಿಲ್ಲ. ಮೂರನೇದ್ದು, ಬ್ಯಾಂಕಿಗೆ ಹೋಗಿ ಅರ್ಜಿ ಬರದು ಖಾತೆಗೂ ಅದೇ ನಂಬರ್ ಮಾಡಸ್ರಿ. ಗ್ಯಾಸಿನವ್ರಿಗೂ ಹೇಳ್ರಿ.

ನಾಕನೇದ್ದು ರೀಚಾರ್ಜ್. ಮಡಚೂ ಫೋನಿಗೆ ದಿನಾ ಒಂದೂವರೆ ಜಿಬಿ ಡೇಟಾ ಯಾಕ ಬೇಕ್ರಿ? ಮದ್ಲ ಅದನ್ನ ಬಿಟ್ಟು ಬ್ಯಾರೆ ಪ್ಯಾಕ್ ಸಿಗೂದೇ ಕಷ್ಟ ಇತ್ತು. 2024ರ ಡಿಸೆಂಬರಿನ್ಯಾಗ ಟ್ರಾಯ್ ಒಂದು ನಿಯಮ ಮಾಡಿ, ಬರೇ ಮಾತು ಮತ್ತು ಎಸ್ಸೆಮ್ಮೆಸ್ ಇದ್ದ ಪ್ಯಾಕನ್ನೂ ಕಂಪನಿಯವ್ರು ಕೊಡಲೇಬೇಕು ಅಂತು. ಇಂಥಾ ಪ್ಯಾಕಿನ ಅವಧಿ ಒಂದು ವರ್ಷದ ತನಕ ಇಡಬಹುದು ಅಂತನೂ ಹೇಳ್ತು. ಅಂಗಡಿಯವ ತಾನಾಗೇ ಹೇಳೂದಿಲ್ಲ, ನೀವ ಬಾಯಿ ಬಿಟ್ಟು ಕೇಳ್ರಿ. ರೀಚಾರ್ಜ್ ಮಾತ್ರ ತಪ್ಪಿಸಬ್ಯಾಡ್ರಿ. ಭಾಳ ದಿನ ಬಿಟ್ರ ನಂಬರ್ ಬಂದ್ ಆಗಿ ಮುಂದ ಬ್ಯಾರೆಯವ್ರ ಪಾಲಾಗ್ತದ. ಆಮ್ಯಾಲೆ ನಿಮ್ಮ ಓಟಿಪಿ ಯಾವುದೋ ಊರಿನವ್ಗ ಹೋಗ್ತದ.

ಐದನೇದ್ದು, ರೊಕ್ಕ ಕಳಸೂದು. ಕ್ಯೂಆರ್ ಸ್ಕ್ಯಾನ್ ಆಗೂದಿಲ್ಲ, ಖರೆ. ಆದ್ರ 2022ರ ಮಾರ್ಚಿನ್ಯಾಗ ರಿಸರ್ವ್ ಬ್ಯಾಂಕಿನವ್ರು ಇಂಥಾ ಫೋನಿಗಂತನ ಯುಪಿಐ 123ಪೇ ಅಂತ ಒಂದು ವ್ಯವಸ್ಥಾ ಶುರು ಮಾಡ್ಯಾರ. ಇಂಟರ್ನೆಟ್ ಬ್ಯಾಡ, ಫೋನ್ ಹಚ್ಚಿ ಆ ಕಡೆಯವ್ರು ಹೇಳಿದ ಹಂಗ ಗುಂಡಿ ಒತ್ತಿದ್ರ ರೊಕ್ಕ ಹೋಗ್ತದ. ನಿಮ್ಮ ಬ್ಯಾಂಕಿನ್ಯಾಗ ಕೇಳಿ ಮಾಡಿಸ್ಕೋರಿ. ಇದಕ್ಕೂ ಶರತ್ತು ಒಂದ: ಬ್ಯಾಂಕಿನ್ಯಾಗ ಇರೋ ನಂಬರೂ ನಿಮ್ಮ ಕೈಯಾಗಿನ ಸಿಮ್ಮೂ ಒಂದ ಇರಬೇಕು. ನೋಡಿದ್ರ್ಯಾ, ಎಲ್ಲಾ ದಾರಿನೂ ತಿರುಗಿ ಆ ನಂಬರಿಗೇ ಬಂದು ನಿಲ್ತದ.

ಆರನೇದ್ದು, ತುರ್ತು. 2017ರಿಂದ ಮಾರೋ ಗುಂಡಿ ಫೋನಿನ್ಯಾಗ 5 ಇಲ್ಲಾ 9ನ್ನ ಒತ್ತಿ ಹಿಡದ್ರ ತುರ್ತು ಕರೆ ಹೋಗಬೇಕು ಅಂತ ಸರಕಾರದ ನಿಯಮ ಅದ. ಕೊಳ್ಳೋ ಮುಂದ ಅಂಗಡಿಯೊಳಗ ಎಲ್ಲದ ಅಂತ ತೋರಿಸು ಅಂತ ಕೇಳ್ರಿ. ಅದೂ ನೆನಪಾಗಲಿಲ್ಲ ಅಂದ್ರ ನೇರ 112 ಒತ್ರಿ.

ಮೊಮ್ಮಕ್ಕಳ ಮುಖ ನೋಡಲಿಕ್ಕೆ ಮನ್ಯಾಗ ಒಂದು ಹಳೇ ಟಚ್ ಫೋನ್ ಇಟ್ಕೋರಿ. ಅದು ಟಿವಿ ಇದ್ದ ಹಂಗ ಒಂದು ಜಾಗಾದಾಗ ಕೂಡ್ಲಿ, ಎಲ್ಲಾರೂ ನೋಡ್ಲಿ. ಆದ್ರ ಬ್ಯಾಂಕಿನ ಸಿಮ್ಮು ಮಾತ್ರ ನಿಮ್ಮ ಸೆರಗಿನ ಗಂಟಿನ್ಯಾಗ ಇರ್ಲಿ. ಟಚ್ ಫೋನೇ ಬೇಕು ಅಂತ ಅನ್ನಿಸಿದ್ರ ಅದನ್ನ ತಗೋರಿ, ನನ್ನ ಕಡೆಯಿಂದ ಯಾವ ತಕರಾರೂ ಇಲ್ಲ. ಆದ್ರ ಯಾರರೆ ಹಳೇದು ಬಿಸಾಕಿದ್ದು, ಗ್ಲಾಸ್ ಬಿರಿದದ್ದು, ಚಾರ್ಜ್ ನಿಲ್ಲಲಾರದ್ದು "ಅವ್ವಗ ನಡೀತದ" ಅಂತ ಕೊಟ್ರ ತಗೋಬ್ಯಾಡ್ರಿ. ಹಳಸಿದ ಅನ್ನ ನಾವು ಉಂಡದ್ದು ಸಾಕು, ಹಳಸಿದ ಫೋನೂ ಬೇಕೇನು?

ಇನ್ನ ಬಳಗದವ್ರಿಗೆ ಒಂದ ಮಾತು. ಶ್ರಾವಣ ಬಂತು, ಅರಿಷಿಣ ಕುಂಕುಮಕ್ಕ ಕರಿಯೂ ದಿನಾ. ನನ್ನ ನಂಬರ್ ನಿಮ್ಮೆಲ್ಲಾರ ಕಡೆ ಅದ. ಚಿತ್ರ ಕಳಿಸಿದ್ರ ನನಗ ಮುಟ್ಟೂದಿಲ್ಲ. ಫೋನ್ ಮಾಡ್ರಿ. ರೊಟ್ಟಿ ಹಿಟ್ಟಿನ ಕೈ ಇದ್ರೂ ಎತ್ತತೀನಿ.